ಹಲಸಿನ ಮೇಣ ಮತ್ತು ಕಾರಿನ ಪಟ್ಟಿ

ನಿನ್ನೆ ಬೆಳಿಗ್ಗೆ ಅಡುಗೆಮನೆಯಲ್ಲಿದ್ದ ನನ್ನ ಮೂಗಿಗೆ ಅಂಟಿನ ವಾಸನೆ ಬಡಿಯಿತು. ಹೊರಗೆ ಬಂದು ನೋಡಿದರೆ ನಮ್ಮ ಯಜಮಾನರು ಮಣೆ ಹಾಕಿಕೊಂಡು ಕೂತು, ಕಾರಿನ ಬಾಗಿಲಿನಲ್ಲಿ ಸಡಿಲವಾಗಿದ್ದ ಪಟ್ಟಿಯನ್ನು ಅಂಟಿಸುವ ಏರ್ಪಾಟಿನಲ್ಲಿದ್ದರು. ಬೇಡವೆಂದರೆ ಕೇಳುವ ಪ್ರಾಣಿಯಲ್ಲ. ಆ ವಾಸನೆ ಮಾತ್ರ ನನ್ನನ್ನು ಸೀದಾ ಬಣಕಲ್ಲಿನ ಒಂದು ಗ್ಯಾರೇಜಿಗೆ ಕರೆದೊಯ್ದಿತು. ನೀವೂ ಬನ್ನಿ, ದೂರವೇನಿಲ್ಲ.

ಎಪ್ಪತ್ತರ ದಶಕದ ಕೊನೆ. ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ತೋಟಕ್ಕಿಂತ ದೊಡ್ಡ ಪ್ರತಿಷ್ಠೆಯೆಂದರೆ ಮಾವ ಕೊಂಡಿದ್ದ ಫಿಯೆಟ್ ಕಾರು. ಮಾವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಅವರಿದ್ದಾಗಲೂ, ಅವರು ತೀರಿಕೊಂಡ ಮೇಲೂ ಓಡಿಸುತ್ತಿದ್ದವರು ನಮ್ಮ ಯಜಮಾನರೊಬ್ಬರೇ. ಕಾರಿನ ಎರಡೂ ಬದಿಗೆ ಮುಂದಿನಿಂದ ಹಿಂದಿನವರೆಗೆ ಹೊಳೆಯುವ ಪಟ್ಟಿ. ಅದನ್ನು ಇವರು ಒರೆಸುವ ಅಕ್ಕರೆ ನೋಡಿದರೆ, ಮದುವೆಯಾಗಿ ಮೂರು ವರ್ಷವಾಗಿದ್ದ ನನಗೆ ಹೊಟ್ಟೆಯುರಿಯಾಗುತ್ತಿತ್ತು.

ಅತ್ತೆಯ ಅಕ್ಕ ಜಾವಳಿಯಲ್ಲಿದ್ದರು. ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಯಾರನ್ನೂ ಗುರುತಿಸದವರಂತೆ ಮಲಗಿರುತ್ತಿದ್ದ ಅವರು, ಅತ್ತೆ ಹೋಗಿ ತಲೆ ಬಾಚಿದರೆ ಮಾತ್ರ ತಂಗಿಯ ಕೈ ಹಿಡಿದುಕೊಂಡು ಬಿಡುತ್ತಿರಲಿಲ್ಲ. ವಾರಕ್ಕೊಮ್ಮೆಯಾದರೂ ಹೋಗಬೇಕೆಂದು ಅತ್ತೆಗೆ ಹಂಬಲ. ಆದರೆ ಬಸ್ಸು ಹತ್ತಿದರೆ ಅವರಿಗೆ ವಾಂತಿ. ಬಸ್ಸು ಹೊರಡುವವರೆಗೂ ಕಾಯುತ್ತಿರಲಿಲ್ಲ, ನಿಂತ ಬಸ್ಸಿನಲ್ಲೇ ಶುರು. ಇವರಿಗೋ ಕಾಫಿ ಕೊಯ್ಲಿನ ಗಡಿಬಿಡಿ. ಕೊನೆಗೆ ನಾನೇ ಡ್ರೈವಿಂಗ್ ಕಲಿತೆ. ಕೀ ಕೊಡುವಾಗ ಇವರು ಒಂದು ಷರತ್ತು ಹಾಕಿದರು.

“ಕಾರಿಗೆ ಒಂದೇ ಒಂದು ಗೀರು ಬಿದ್ರೂ ಕೀ ವಾಪಸ್. ಜಾವಳಿ ಗೀವಳಿ ಎಲ್ಲ ಬಂದ್. ಅಮ್ಮ, ನೀನೂ ಕೇಳಿಸ್ಕ.”

ಅತ್ತೆ ಕೇಳಿಸಿಕೊಂಡರು. ಒಂದು ಮಾತೂ ಆಡಲಿಲ್ಲ.

ನಾಲ್ಕು ಗುರುವಾರ ಚೆನ್ನಾಗಿಯೇ ಹೋಗಿ ಬಂದೆವು. ಐದನೆಯ ಗುರುವಾರ ನಾನು ಸ್ವಲ್ಪ ಜಂಬದಲ್ಲಿ, ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿ ನಮ್ಮದೇ ಗೇಟಿನ ಕಲ್ಲುಕಂಬಕ್ಕೆ ಕಾರು ಉಜ್ಜಿಸಿದೆ. ಹಿಂದಿನ ಬಾಗಿಲಿನ ಪಟ್ಟಿ ಕಿತ್ತು ಜೋತಾಡಿತು. ನನಗೆ ಅಳು ಬಂತು. “ಇವರಿಗೆ ಹೇಳ್ಬೇಡಿ ಅತ್ತೆ” ಎಂದು ಅಂಗಲಾಚಿದೆ.

“ಸದ್ದು ಮಾಡ್ಬೇಡ ಮಾರಾಯ್ತಿ. ಬಂದೆ ಇರು” ಎಂದು ಅತ್ತೆ ಒಳಗೆ ಹೋದರು.

ಹಲಸಿನಕಾಯಿ ಹೆಚ್ಚುವಾಗ ಸುರಿಯುವ ಮೇಣವನ್ನು ಕೋಲಿಗೆ ಸುತ್ತಿಡುವುದು ನಮ್ಮ ಕಡೆಯ ವಾಡಿಕೆ. ತೂತಾದ ಕೊಡಪಾನಕ್ಕೂ ಬಕೆಟ್ಟಿಗೂ ಅದೇ ಔಷಧಿ. ಅತ್ತೆ ಆ ಕೋಲನ್ನೇ ಒಲೆಯಲ್ಲಿ ಬಿಸಿ ಮಾಡಿ ತಂದು, ಪಟ್ಟಿಗೆ ಸವರಿ, ಸೆರಗಿನಿಂದ ಒತ್ತಿ ಹಿಡಿದರು. ಎಷ್ಟು ಸವರಬೇಕು, ಎಲ್ಲಿ ಒತ್ತಬೇಕು ಎಂಬುದೆಲ್ಲ ಅವರಿಗೆ ಗೊತ್ತಿದ್ದಂತಿತ್ತು. ಕೊಡಪಾನದ ಅನುಭವ ಎಂದುಕೊಂಡೆ.

ಕೊಯ್ಲಿನ ಗಡಿಬಿಡಿಯಲ್ಲಿ ಇವರಿಗೆ ಅದು ಕಣ್ಣಿಗೆ ಬೀಳಲಿಲ್ಲ. ಮುಂದಿನ ಗುರುವಾರ ಬಿರುಬಿಸಿಲು. ಬಣಕಲ್ ಮುಟ್ಟುವಷ್ಟರಲ್ಲಿ ಮೇಣ ಕರಗಿ ಇಳಿದು, ಪಟ್ಟಿ ಮತ್ತೆ ಜೋತುಬಿದ್ದು ಪಟಪಟ ಬಡಿಯತೊಡಗಿತು. ರಸ್ತೆ ಬದಿಯ ಕಾದರ್ ಸಾಹೇಬರ ಗ್ಯಾರೇಜಿಗೆ ಕಾರು ನುಗ್ಗಿಸಿದೆ. ಅವರು ಬಾಗಿ ಮೂಸಿ ನೋಡಿದರು.

“ಅಲ್ಲ ಅಕ್ಕ, ಕಾರಿಗೆ ಹಲಸಿನ ಮೇಣ ಹಾಕಿದ್ರೆ ನೊಣ ಹಿಡೀಬಹುದು, ಪಟ್ಟಿ ಹಿಡಿಯಲ್ಲ.”

ಒಳಗಿನ ಕ್ಲಿಪ್ಪು ಮುರಿದಿದೆ, ಮಂಗಳೂರಿನಿಂದ ತರಿಸಬೇಕು, ಅಲ್ಲಿವರೆಗೆ ಒಳ್ಳೆಯ ಅಂಟು ಹಾಕಿಕೊಡುತ್ತೇನೆ ಎಂದರು. ಉಳಿದದ್ದೂ ಗಟ್ಟಿಯಿದೆಯೇ ಎಂದು ನೋಡಲು ಮುಂದಿನ ಬಾಗಿಲಿನ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿದರು. ಅದರ ಹಿಂದೆಯೂ ಮೇಣ! ಕಪ್ಪಾಗಿ, ಒಣಗಿ, ಕಲ್ಲಿನಂತಾಗಿತ್ತು.

“ಇದು ನಿಮ್ದಲ್ಲ ಅಕ್ಕ. ಇದು ಮೂರ್ನಾಲ್ಕು ಮಳೆಗಾಲ ಕಂಡಿದ್ದು. ಒಂದೆರಡು ಕ್ಲಿಪ್ಪು ಉಳಿದಿತ್ತು, ಅದಕ್ಕೇ ನಿಂತಿದೆ” ಎಂದರು.

ಆ ಕಾರು ಓಡಿಸಿದ್ದವರು ಇಬ್ಬರೇ. ನಾನು ಅತ್ತೆಯ ಮುಖ ನೋಡಿದೆ. ಅವರು ರಸ್ತೆಯ ಆಚೆ ಹೋಗುತ್ತಿದ್ದ ಬಸ್ಸು ನೋಡುತ್ತಿದ್ದರು.

“ಅತ್ತೆ, ನಿಮಗೆ ಗೊತ್ತಿತ್ತಾ? ಅವತ್ತು ಷರತ್ತು ಹಾಕುವಾಗ ಒಂದು ಮಾತು ಅಂದಿದ್ರೆ ಇವರು ಬಾಯಿ ಮುಚ್ತಿದ್ರು! ನಿಮಗೆ ಜಾವಳಿ ತಪ್ಪೋ ಭಯವೇ ಇರ್ತಿರಲಿಲ್ಲ.”

“ನನ್ನ ಹತ್ರ ಯಾರಾದ್ರೂ ಹೇಳ್ಬೇಡ ಅಂದ್ರೆ ನಾ ಹೇಳಲ್ಲ. ನಿಂದೂ ಹೇಳಿಲ್ಲಲ್ಲ ಮಾರಾಯ್ತಿ. ಈಗ ನಡಿ, ಅಕ್ಕ ಕಾಯ್ತಾಳೆ.”

ಪಟ್ಟಿಗಳನ್ನು ಸಾಹೇಬರ ಬಳಿ ಬಿಟ್ಟು ಜಾವಳಿಗೆ ಹೋಗಿ, ಸಂಜೆಗೆ ಮುಂಚೆ ಬಂದೆವು. ಸಾಹೇಬರು ಸೀಮೆಎಣ್ಣೆಯಲ್ಲಿ ಹಳೆಯದನ್ನೆಲ್ಲ ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಎರಡೂ ಕಡೆ ತೆಳ್ಳಗೆ ಅಂಟು ಬಳಿದು ಸುಮ್ಮನೆ ಕೂತರು. ನಾನು ಚಡಪಡಿಸಿದೆ. “ಹಸಿ ಇದ್ದಾಗ ಒತ್ತಿದ್ರೆ ಜಾರ್ತದೆ ಅಕ್ಕ. ಮುಟ್ಟಿದ್ರೆ ಬೆರಳಿಗೆ ಹತ್ಬಾರ್ದು, ಆಗ ಒತ್ಬೇಕು” ಎಂದರು. ಒತ್ತಿದ ಮೇಲೆ ಬಟ್ಟೆಯ ಪಟ್ಟಿಗಳಿಂದ ಕಾರಿಗೇ ಕಟ್ಟು ಹಾಕಿದರು. ನಾಳೆವರೆಗೆ ಬಿಚ್ಚಬಾರದೆಂದು ಅಪ್ಪಣೆಯಾಯಿತು.

ತಲೆಗೆ ಪೆಟ್ಟಾದ ರೋಗಿಯಂತಿದ್ದ ಕಾರನ್ನು ಯಾರಿಂದ ಮುಚ್ಚಿಡುವುದು? ಇವರು ಅಂಗಳದಲ್ಲೇ ನಿಂತಿದ್ದರು. ದಾರಿಯುದ್ದಕ್ಕೂ ಹರಿತ ಮಾಡಿಕೊಂಡು ಬಂದಿದ್ದ ಮಾತುಗಳನ್ನೆಲ್ಲ, ಅತ್ತೆಯನ್ನು ನೆನೆದು, ನುಂಗಿಕೊಂಡೆ.

“ಹೋದ ವಾರ ಗೇಟಿಗೆ ಉಜ್ಜಿಸಿದೆ. ತಗೊಳ್ಳಿ ಕೀ” ಎಂದೆ.

ಅವರು ಕಟ್ಟುಗಳನ್ನು ನೋಡಿದರು. “ಮುಂದಿನ ಬಾಗಿಲಿಂದೂ ತೆಗೆದ್ರಾ?”

“ಹೂಂ.”

“ಸಾಹೇಬ್ರು ಏನಾದ್ರೂ ಅಂದ್ರಾ?”

“ಚೆನ್ನಾಗಿ ಒರೆಸ್ಬೇಕು ಅಂದ್ರು.”

ಇವರು ಅತ್ತೆಯ ಕಡೆ ಒಮ್ಮೆ ದುರುಗುಟ್ಟಿ ನೋಡಿದರು. ಕೀ ನನ್ನ ಕೈಗೇ ವಾಪಸ್ ಹಾಕಿ, “ಮುಂದಿನ ಗುರುವಾರ ಟೈರಿಗೆ ಗಾಳಿ ನೋಡ್ಕೊಂಡು ಹೊರಡಿ” ಎಂದು ಒಳಗೆ ಹೋದರು. ನಾನು ಗೆದ್ದೆ ಎಂದುಕೊಂಡೆ. ಗೆದ್ದೂ ಹಂಗಿಸದ ನನ್ನ ದೊಡ್ಡ ಮನಸ್ಸಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಜಾವಳಿಯ ದೊಡ್ಡಮ್ಮ ಮುಂದಿನ ಮಳೆಗಾಲದವರೆಗೂ ಇದ್ದರು. ನಾವು ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಮನೆಯಲ್ಲಿ ಮಾತ್ರ ತಾಯಿ ಮಗ ಊಟವಾದ ಮೇಲೆ ಕೂತು ಗುಟ್ಟಿನ ಮಾತಾಡುವುದು ನಿಂತಿತು. “ಅವ ಈಗ ನನ್ನ ಹತ್ರ ಏನೂ ಹೇಳೋದೇ ಇಲ್ಲ” ಎಂದು ಅತ್ತೆ ಒಂದೆರಡು ಸಲ ನನ್ನೊಡನೆ ಅಂದಿದ್ದರು. ತೋಟದ ತಲೆಬಿಸಿ ಅತ್ತೆ, ಎಂದು ನಾನು ಸಮಾಧಾನ ಹೇಳಿದ್ದೆ.

ನಿನ್ನೆ ಅಂಟು ಬಳಿದು, ಅದು ಆರುವುದನ್ನು ಕಾಯುತ್ತ ಇವರು ತಾವಾಗಿಯೇ ನಕ್ಕರು. “ಆ ಫಿಯೆಟ್ಟಿನ ಪಟ್ಟಿ ನಾನೂ ಒಮ್ಮೆ ಕಿತ್ತಿದ್ದೆ. ಅಪ್ಪ ಬೈತಾರೆ ಅಂತ ಅಮ್ಮನೇ ಮೇಣ ಹಾಕಿ ಅಂಟಿಸಿದ್ಲು. ಆಮೇಲೆ ನಿನ್ನ ಹತ್ರ ಎಲ್ಲ ಹೇಳಿಬಿಟ್ಲಲ್ಲ.”

“ಅತ್ತೆ ಹೇಳಿರಲಿಲ್ಲ” ಎಂದೆ.

“ಸುಮ್ನಿರು. ಅವಳು ಹೇಳದಿದ್ರೆ ಏನೂ ಆಗದ ಮುಂದಿನ ಬಾಗಿಲಿನ ಪಟ್ಟಿ ಯಾಕೆ ತೆಗೆಸಿದ್ರಿ? ನಿಂಗೆ ಹೇಗೆ ಗೊತ್ತಾಯ್ತು?”

ಸಾಹೇಬರು ಪಟ್ಟಿ ಎಬ್ಬಿಸಿದ್ದು, ಹಳೇ ಮೇಣ ಕಂಡದ್ದು, ನಾನು ಎಷ್ಟು ಕೆದಕಿದರೂ ಅತ್ತೆ ಹೆಸರೆತ್ತದೆ ಹೋದದ್ದು, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದೊಡ್ಡ ಮನಸ್ಸಿನ ಬಗ್ಗೆ ನನಗೇ ನಾಚಿಕೆಯಾಯಿತು. ಅಂದು ಸಂಜೆ ಅಂಗಳದಲ್ಲಿ ಒಂದು ಜಗಳವಾಡಿದ್ದರೆ ಸಾಕಿತ್ತು, ಮೇಣ ಸಿಕ್ಕಿದ್ದು ಗ್ಯಾರೇಜಿನಲ್ಲಿ ಎಂಬುದಾದರೂ ಹೊರಬೀಳುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡದ್ದಕ್ಕೆ ಅತ್ತೆ ಮಗನ ವಿಶ್ವಾಸ ಕಳೆದುಕೊಂಡರು. ಯಾಕೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ಇವರು ಅಂಟು ಆರಿತೇ ಎಂದು ಬೆರಳಿನಿಂದ ಮುಟ್ಟಿ ನೋಡಿದರು.

“ಅದಾದ ಮೇಲೆ ಅಮ್ಮ ಎಷ್ಟು ವರ್ಷ ಇದ್ಲು?” ಎಂದು ಕೇಳಿದರು. ಅವರಿಗೆ ಗೊತ್ತಿಲ್ಲದ್ದೇನಲ್ಲ.

“ಹನ್ನೊಂದು” ಎಂದೆ.