ಮೊಟ್ಟೆಪುಡಿಯ ಎಂಟುನೂರು ಮೂಟೆ

ಬಂದರಿನ ಸುಂಕದ ಕಚೇರಿಯಲ್ಲಿ ಅವಳನ್ನು ಎಲ್ಲರೂ ಫೈಲಕ್ಕ ಎನ್ನುತ್ತಿದ್ದರು. ಹೊರದೇಶದಿಂದ ಬಂದ ಸರಕಿಗೆ ಬಿಡುಗಡೆಯ ಕಾಗದ ಮಾಡಿಸಿಕೊಡುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ. ಹಡಗಿನಿಂದ ಕಂಟೇನರ್ ಇಳಿದು, ಲಾರಿ ಹತ್ತಿ, ಗೇಟು ದಾಟುವಷ್ಟರಲ್ಲಿ ಫೈಲು ಹನ್ನೊಂದು ಮೇಜುಗಳನ್ನು ಹಾಯಬೇಕಿತ್ತು. ಆ ಮೇಜುಗಳ ಹಿಂದೆ ಕೂತವರಲ್ಲಿ ಮೂವರಿಗೆ ಮಾತ್ರ ಓದಲು ಬರುತ್ತದೆ, ಮಿಕ್ಕವರಿಗೆ ರುಜು ಹಾಕಲು ಬರುತ್ತದೆ ಎಂಬುದು ಅವಳ ಖಚಿತ ಅಭಿಪ್ರಾಯ. ಅದನ್ನವಳು ಮುಚ್ಚಿಟ್ಟುಕೊಂಡವಳೂ ಅಲ್ಲ. "ಮೇಲಿಂದ ಕೆಳಗಿನವರೆಗೆ ಓದಿ ಸಾರ್, ಅಕ್ಷರಗಳು ಕಚ್ಚಲ್ಲ" ಎಂದು ಒಬ್ಬ ಹಿರಿಯ ಅಧಿಕಾರಿಗೇ ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ದಳು.

ಸರಕು ತರಿಸುವವರನ್ನು ಕಂಡರಂತೂ ಅವಳಿಗೆ ಇನ್ನೂ ಅಸಡ್ಡೆ. ಅವರ ದೃಷ್ಟಿಯಲ್ಲಿ ಬೇರೆ ದೇಶದಿಂದ ತರಿಸುವುದೆಂದರೆ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದಂತೆ. ಫೋನು ಮಾಡಿದರೆ ಗೇಟು ತೆರೆಯಬೇಕು. ತೆರೆಯದಿದ್ದರೆ ತಪ್ಪು ಫೈಲಕ್ಕನದು.

ಈ ಜಾತಿಯಲ್ಲೆಲ್ಲ ಅವಳು ಅತಿ ಹಗುರವಾಗಿ ಕಾಣುತ್ತಿದ್ದದ್ದು ತನ್ನ ಭಾವನನ್ನು, ಅಕ್ಕನ ಗಂಡನನ್ನು. ಊರಾಚೆ ಅವನದೊಂದು ಬಿಸ್ಕತ್ತು, ಕೇಕುಗಳ ಕಾರ್ಖಾನೆ. ಎರಡು ಕೈಗೂ ಒಂದೊಂದು ಫೋನು, ಎರಡರಲ್ಲೂ ಅರ್ಧರ್ಧ ಮಾತು. ಕಾರ್ಖಾನೆಗೆ ಬೇಕಾದ ಪುಡಿ, ಕೊಬ್ಬು ಎಲ್ಲವನ್ನೂ ಹೊರಗಿನಿಂದಲೇ ತರಿಸುತ್ತಿದ್ದ. ಆದರೆ ಇಷ್ಟು ವರ್ಷದಲ್ಲಿ ನಾದಿನಿಯ ಕೈಗೆ ಒಂದು ಕಾಗದವನ್ನೂ ಕೊಟ್ಟವನಲ್ಲ. "ಅವಳು ಸಣ್ಣಪುಟ್ಟ ಸರಕಿನವಳು" ಎಂದು ಮದುವೆ ಮನೆಯಲ್ಲಿ ಹತ್ತು ಜನರೆದುರು ಅಂದಿದ್ದ. ಅವನ ಕೆಲಸವನ್ನೆಲ್ಲ ಟೈ ಕಟ್ಟುವ ಇನ್ನೊಬ್ಬ ಏಜೆಂಟ್ ನೋಡಿಕೊಳ್ಳುತ್ತಿದ್ದ. ಯಾವುದೋ ಸುಳ್ಳು ಕಾಗದಕ್ಕೆ ಸಿಕ್ಕಿಬಿದ್ದು ಆ ಏಜೆಂಟಿನ ಪರವಾನಗಿ ಹೋದಾಗ ಭಾವನಿಗೆ ನಾದಿನಿಯ ನೆನಪಾಯಿತು.

ಒಂದು ಬೆಳಗ್ಗೆ ಅವಳ ಎರಡನೇ ಮಹಡಿಯ ಕೋಣೆಗೆ ಬಂದು, ಒಂದು ಕೈ ಮುರಿದ ಕುರ್ಚಿಯಲ್ಲಿ ಹುಷಾರಾಗಿ ಕೂತ.

"ಮೊಟ್ಟೆಪುಡಿ. ಎಂಟುನೂರು ಮೂಟೆ. ಎರಡು ದಿನದ ಕೆಲಸ ನಿಂಗೆ," ಎಂದ.

"ಎರಡು ದಿನದ್ದಾಗಿದ್ರೆ ನೀವೇ ಮಾಡ್ಕೋತಿದ್ರಿ ಭಾವ. ಅಲ್ಲಿನ ಪಶುವೈದ್ಯರ ಪತ್ರ ಎಲ್ಲಿ?"

"ಎಲ್ಲಾ ಅದರೊಳಗೇ ಇದೆ. ನೋಡು, ಒಂದು ಚೂರು ಕೊರತೆ ಇಲ್ಲ."

ಇರಲಿಲ್ಲ, ನಿಜ. ಮೊಟ್ಟೆ ಯಾವ ಫಾರಂನದು, ಪುಡಿ ಎಲ್ಲಿ ತಯಾರಾಯಿತು, ಎಂದು ತಯಾರಾಯಿತು, ಎಲ್ಲವೂ ಇತ್ತು. ತಯಾರಾಗಿ ನಾಲ್ಕು ತಿಂಗಳು, ಆಯಸ್ಸು ಎರಡು ವರ್ಷ. ಒಂದು ಚಿತ್ತು ಕೂಡ ಇಲ್ಲದ ಅಷ್ಟು ಚೊಕ್ಕ ಫೈಲನ್ನು ಅವಳು ಭಾವನಂಥವನಿಂದ ನಿರೀಕ್ಷಿಸಿರಲಿಲ್ಲ. ಅವನು ಬರುವ ಮೊದಲೇ ಅಕ್ಕ ಫೋನು ಮಾಡಿ, "ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡ ಕಣೇ" ಎಂದಿದ್ದಳು. ಹಾಗಾಗಿ ಫೈಲಕ್ಕ ಒಪ್ಪಿಕೊಂಡಳು.

ಫೈಲು ಹತ್ತು ಮೇಜು ಸಲೀಸಾಗಿ ದಾಟಿತು. ಕೊನೆಯದು ಆಹಾರ ಪರೀಕ್ಷೆಯ ಅಧಿಕಾರಿಯದು. ಕಂಟೇನರ್ ತೆರೆಸಿ, ಬೇರೆ ಬೇರೆ ಕಡೆಯ ಐದು ಮೂಟೆಗಳಿಂದ ಮಾದರಿ ತೆಗೆದು, ಮೂಟೆಯ ಮೇಲಿನ ಚೀಟಿಯನ್ನು ಕಾಗದದ ಜೊತೆ ತಾಳೆ ನೋಡುವುದು ಅವನ ಕೆಲಸ. ವಯಸ್ಸಿನ್ನೂ ಮೂವತ್ತಾಗಿರಲಿಲ್ಲ, ಆಗಲೇ ಎಲ್ಲಕ್ಕೂ ಬೇಸತ್ತ ಮುಖ. ಬಿಸಿಲಲ್ಲಿ ಕಾದ ಅಂಗಳಕ್ಕೆ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಂದ. ಭಾವ ಆಗಲೇ ತಣ್ಣನೆಯ ಪಾನೀಯದ ಬಾಟಲಿ ಹಿಡಿದು ಹಲ್ಲು ಕಿರಿಯುತ್ತ ನಿಂತಿದ್ದ. ಹಮಾಲಿಗಳು ಸೀಲು ಕತ್ತರಿಸಿ ಬಾಗಿಲು ಎಳೆದರು. ಒಳಗಿನ ಬಿಸಿಗಾಳಿ ಮುಖಕ್ಕೆ ಬಡಿಯಿತು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು, "ಮುಂದಿನ ಮೂಟೆಯಿಂದಲೇ ತೆಗೆದುಬಿಡಿ, ಸಾಕು" ಎಂದ. ಪುಡಿ ಡಬ್ಬಿಗೆ ಬೀಳುವ ಮೊದಲೇ ಕಾಗದವನ್ನು ಲಾರಿಯ ಬಾನೆಟ್ಟಿನ ಮೇಲಿಟ್ಟು ಐದು ಕಡೆ ರುಜು ಗೀಚಿದ.

ಫೈಲಕ್ಕನಿಗೆ ಮೈಯೆಲ್ಲ ಉರಿಯಿತು. ಕಳ್ಳ ಕದ್ದರೆ ಅವನ ಕಸುಬಾದರೂ ಮಾಡಿದ ಎನ್ನಬಹುದು. ಕಾಯಲು ಕೂತವನು ಕಣ್ಣೇ ಬಿಡದಿದ್ದರೆ ಅವನಿಗೆ ಏನನ್ನಬೇಕು? ಅವನು ಮಾಡದ ಕೆಲಸವನ್ನು ಅವನೆದುರೇ ಮಾಡಿ ತೋರಿಸುವ ಹಟದಿಂದ, ದಾರಕ್ಕೆ ನೇತುಬಿದ್ದ ಕನ್ನಡಕ ಏರಿಸಿ ಮೂಟೆಗಳ ಹತ್ತಿರ ಹೋದಳು.

ಎರಡನೇ ಸಾಲಿನ ಮೂಟೆಯೊಂದರಲ್ಲಿ ತಯಾರಿಯ ದಿನಾಂಕದ ಚೀಟಿ ಒಂದು ಮೂಲೆಯಲ್ಲಿ ಎದ್ದಿತ್ತು. ಸುಮ್ಮನೆ ಉಗುರು ಹಾಕಿದಳು. ಸರ್ರನೆ ಬಿಟ್ಟುಕೊಂಡಿತು. ಕೆಳಗೆ ಚೀಲದ ಮೇಲೇ ಅಚ್ಚಾದ ಇನ್ನೊಂದು ದಿನಾಂಕ. ಆ ಲೆಕ್ಕದಲ್ಲಿ ಪುಡಿಯ ಆಯಸ್ಸು ಮುಗಿದು ಏಳು ತಿಂಗಳಾಗಿತ್ತು.

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳ ಯಜಮಾನ ಅವಳನ್ನೂ ಇನ್ನಿಬ್ಬರು ಹುಡುಗಿಯರನ್ನೂ ಗೋದಾಮಿನಲ್ಲಿ ಕೂರಿಸಿ ಟೊಮೆಟೊ ರಸದ ಡಬ್ಬಿಗಳಿಗೆ ಇಂಥದ್ದೇ ಚೀಟಿ ಅಂಟಿಸುವ ಕೆಲಸಕ್ಕೆ ಹಚ್ಚಿದ್ದ. ಅಚ್ಚಿನಲ್ಲಿ ತಪ್ಪಾಗಿದೆ, ಸರಿಮಾಡುತ್ತಿದ್ದೇವೆ ಎಂದಿದ್ದ. ಮೊದಲ ಸಲ ನಂಬಿದ್ದಳು. ಎರಡನೇ ಸಲ ಅರ್ಥವಾಗಿತ್ತು. ಮೂರನೇ ಸಲವೂ ಬಾಯಿ ಮುಚ್ಚಿಕೊಂಡು ಅಂಟಿಸಿದ್ದಳು. ಅವಳ ತಿರಸ್ಕಾರದ ಪಟ್ಟಿಯಲ್ಲಿ ಆ ಹುಡುಗಿಗೂ, ಅಂದರೆ ಅಂದಿನ ತನಗೂ, ಒಂದು ಜಾಗವಿತ್ತು.

ಭಾವ ಬೆನ್ನ ಹಿಂದೆಯೇ ಬಂದು ನಿಂತಿದ್ದ. "ಅಂಟು ಬಿಟ್ಟಿದೆ ಅಷ್ಟೆ. ಒತ್ತಿಬಿಡು," ಎಂದು ಪಿಸುಗುಟ್ಟಿದ.

"ಇದು ನಿಮಗೆ ಗೊತ್ತಿತ್ತು."

"ಯಾರಿಗೆ ಏನಾಗುತ್ತೆ ಹೇಳು? ಒಲೆಯ ಬಿಸಿಗೆ ಎಲ್ಲಾ ಸತ್ತು ಹೋಗುತ್ತೆ. ಅವನೇ ರುಜು ಹಾಕಿ ಆಯ್ತಲ್ಲ, ನಿಂದೇನು ಗಂಟು ಹೋಗುತ್ತೆ? ನಿನ್ನ ಅಕ್ಕನ ಮುಖ ನೋಡಿಯಾದ್ರೂ..."

ಅಕ್ಕನ ಹೆಸರು ಬರದೇ ಹೋಗಿದ್ದರೆ ಏನು ಮಾಡುತ್ತಿದ್ದಳೋ ಹೇಳಲಾಗದು. ಆದರೆ ಇಷ್ಟು ವರ್ಷ ಮನುಷ್ಯಳೆಂದು ಎಣಿಸದವನು ಈಗ ಅಕ್ಕನ ಸೆರಗಿನ ಹಿಂದೆ ಅವಿತುಕೊಂಡದ್ದು ಅವಳಿಗೆ ಹೇಸಿಗೆಯೆನಿಸಿತು.

"ಸಾರ್," ಎಂದು ಕೂಗಿದಳು. "ಆ ಕರ್ಚೀಫು ತೆಗೆದು ಒಂದ್ನಿಮಿಷ ಇಲ್ಲಿ ಬನ್ನಿ."

ಅಧಿಕಾರಿ ಬಂದ. ನೋಡಿದ. ಅವನ ಮುಖ ಬಿಳಿಚಿತು, ಮೊಟ್ಟೆಪುಡಿಗಾಗಿ ಅಲ್ಲ.

"ಅಲ್ಲ ಮೇಡಂ, ನಾನು ಆಗಲೇ ರುಜು ಹಾಕಿಬಿಟ್ಟಿದ್ದೀನಲ್ಲಾ!"

"ಹಾಕಿದ ಕೈಯಲ್ಲೇ ಹೊಡೆದುಹಾಕಿ."

ಅವನು ಭಾವನ ಕಡೆ ನೋಡಿದ. ಭಾವ ಫೋನಿನ ಕಡೆ ನೋಡಿದ. ಫೈಲಕ್ಕ ಇಬ್ಬರನ್ನೂ ಲೆಕ್ಕಕ್ಕಿಡದೆ ಎರಡನೇ ಚೀಟಿ ಕಿತ್ತಳು, ಮೂರನೆಯದು ಕಿತ್ತಳು, ಒಂದೊಂದನ್ನೇ ಅಧಿಕಾರಿಯ ಕಾಗದದ ಮೇಲೆ ಅಂಟಿಸುತ್ತ ಹೋದಳು. ಹಮಾಲಿಗಳು ನಗು ತಡೆಯಲಾರದೆ ಅತ್ತ ತಿರುಗಿದರು. ಏಳನೇ ಚೀಟಿಗೆ ಅಧಿಕಾರಿ ಪೆನ್ನು ತೆಗೆದ.

ಎಂಟುನೂರು ಮೂಟೆಯನ್ನೂ ಊರ ಹೊರಗೆ ಗುಂಡಿ ತೋಡಿ ಹೂಳಿದರು. ಪತ್ರಿಕೆಯಲ್ಲಿ ಗುಂಡಿಯ ಪಕ್ಕ ನಿಂತ ಅದೇ ಅಧಿಕಾರಿಯ ಫೋಟೋ ಬಂತು. ಅವನ ಚುರುಕು ಕಣ್ಣಿಗೆ ಸಿಕ್ಕಿ ದೊಡ್ಡ ಮೋಸ ಬಯಲಾಯಿತೆಂದು ಬರೆದಿದ್ದರು. ಫೈಲಕ್ಕ ಅದನ್ನು ಓದಿ ಹಾಳೆಯನ್ನು ಒದ್ದೆ ಚಪ್ಪಲಿಯ ಕೆಳಗೆ ಹಾಸಿದಳು. ಭಾವ ನೆಂಟರ ಮನೆಮನೆಗೂ ಹೋಗಿ, ಅವಳು ಒಡಹುಟ್ಟಿದವಳ ಮನೆಗೇ ಕೊಳ್ಳಿಯಿಟ್ಟಳೆಂದು ಸಾರಿದ. ಮೂರು ಗಿರಾಕಿಗಳು ಫೈಲು ವಾಪಸು ಒಯ್ದರು. ಹೊಸದಾಗಿ ಕೋಕೋ ಪುಡಿಯವನೊಬ್ಬ ಬಂದ. ಪ್ರಾಮಾಣಿಕಳೆಂದಲ್ಲ, ಅಧಿಕಾರಿಗಳು ಅವಳಿಗೆ ಹೆದರುತ್ತಾರೆಂದು ಯಾರೋ ಹೇಳಿದ್ದರಂತೆ.

ಮೂರು ವಾರದ ಮೇಲೆ ಅಕ್ಕ ಬಂದಳು. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಆ ಕೈ ಮುರಿದ ಕುರ್ಚಿಯಲ್ಲಿ ಕೂತಳು.

"ನಿಜವಾಗ್ಲೂ ಅಷ್ಟು ಹಳೇದಿತ್ತೇನೇ?" ಎಂದಳು.

"ಏಳು ತಿಂಗಳು ಮೀರಿತ್ತು."

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ಹೋದ ಸಲದ್ದೂ ಹಾಗೇ ಇತ್ತು ಅಂತ ಕಾಣುತ್ತೆ. ಅದಕ್ಕೇ ಮಗೂಗೆ ನಮ್ಮ ಬಿಸ್ಕತ್ತು ಕೊಡಬೇಡ ಅಂತ ಸೊಸೆಗೆ ಹೇಳಿಬಿಟ್ಟಿದ್ದೆ."

ಫೈಲಕ್ಕ ಕನ್ನಡಕ ತೆಗೆದಳು. "ನಂಗೆ ಪ್ರತಿ ತಿಂಗಳೂ ಎರಡೆರಡು ಡಬ್ಬಿ ಕಳಿಸ್ತಿದ್ಯಲ್ಲ ಅಕ್ಕ?"

"ನೀನು ಸಿಹಿ ತಿನ್ನಲ್ಲ ಅಂತ ಗೊತ್ತಿತ್ತು. ಯಾರಿಗಾದ್ರೂ ಕೊಡ್ತೀಯ ಅಂದ್ಕೊಂಡೆ."

ಆಮೇಲೆ ಅಕ್ಕ ತಾನು ಬಂದ ವಿಷಯ ಹೇಳಿದಳು. ಬರುವ ತಿಂಗಳು ಹಾಲಿನ ಪುಡಿ ಬರಲಿದೆ, ಬೇರೆ ಯಾವ ಏಜೆಂಟೂ ಮುಟ್ಟುತ್ತಿಲ್ಲ, ನಾದಿನಿಯೇ ಬಿಡಿಸಿಕೊಡಬೇಕೆಂದು ಭಾವ ಹೇಳಿ ಕಳಿಸಿದ್ದಾನೆ.

ಫೈಲಕ್ಕ ಕನ್ನಡಕವನ್ನು ಮತ್ತೆ ಏರಿಸಿದಳು. "ಒಂದೊಂದು ಮೂಟೆನೂ ನಾನೇ ನಿಂತು ನೋಡ್ತೀನಿ. ಒಪ್ಪಿದ್ರೆ ಫೈಲು ಕಳಿಸೋಕೆ ಹೇಳು."

ಫೈಲು ಬರಲಿಲ್ಲ. ಆ ಹಾಲಿನ ಪುಡಿ ಬೇರೆ ಬಂದರಿನಲ್ಲಿ ಇಳಿಯಿತೆಂದು ಆಮೇಲೆ ಕೇಳಿದಳು.

ಆ ದಿನ ಅಕ್ಕ ಹೋದ ಮೇಲೆ ಅವಳು ಅಂಗಳಕ್ಕೆ ಇಳಿದಿದ್ದಳು. ಕೋಕೋದ ಕಂಟೇನರ್ ನೆರಳಲ್ಲಿ ಹಮಾಲಿಗಳ ಮೇಸ್ತ್ರಿ ಹಗ್ಗ ಸುತ್ತುತ್ತಿದ್ದ.

"ನಾನು ಕೊಡ್ತಿದ್ದ ಬಿಸ್ಕತ್ತು ಡಬ್ಬಿ ಇನ್ನೂ ಯಾವುದಾದ್ರೂ ಉಳಿದಿದ್ರೆ ಬಿಸಾಕಿಬಿಡಿ. ಯಾರೂ ತಿನ್ನಬೇಡಿ," ಎಂದಳು.

"ನಾವೆಲ್ಲಿ ತಿಂದ್ವಿ ಅಕ್ಕಾ," ಮೇಸ್ತ್ರಿ ನಕ್ಕ. "ಮನೇಲಿ ಮಕ್ಕಳು ಬಿಡ್ತಾವಾ? ತಗೊಂಡು ಹೋದ ದಿನವೇ ಡಬ್ಬಿ ಖಾಲಿ. ಯಾಕೆ, ಏನಾಯ್ತು?"

ಫೈಲಕ್ಕ ಅಲ್ಲೇ ಮರದ ಪೆಟ್ಟಿಗೆಯೊಂದರ ಮೇಲೆ ಕೂತು, ಮೊದಲಿನಿಂದ ಎಲ್ಲವನ್ನೂ ಅವನಿಗೆ ಹೇಳಿದಳು. ಮೇಸ್ತ್ರಿ ಹಗ್ಗ ಕೆಳಗಿಟ್ಟು ಕೇಳಿದ.