ಸ್ಯಾಂಪಲ್ ನೋಡ್ಕೊಂಡು ಬಾ

ಮಾವನ ಬಲಗೈ ಹೆಬ್ಬೆರಳ ಉಗುರು ಬುಡದವರೆಗೂ ಹಸಿರುಗಟ್ಟಿತ್ತು. ಬೋಡಿನಾಯಕನೂರಿನ ಏಲಕ್ಕಿ ಮಂಡಿಯಲ್ಲಿ ವರ್ಷಗಟ್ಟಲೆ ಕಾಯಿ ಸೀಳಿ ಹತ್ತಿದ ಬಣ್ಣ ಅದು. ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಅವರು ನನ್ನ ತಾಯಿಯ ತಮ್ಮ, ವ್ಯಾಪಾರದಲ್ಲಿ ನನಗೆ ಗುರು. ಚೀಲ ಎಷ್ಟೇ ಚೆನ್ನಾಗಿ ಕಾಣಲಿ, ಒಂದು ಹಿಡಿ ಅಂಗೈಗೆ ಸುರಿದು, ಮೂಸಿ, ಒಂದು ಬೀಜ ಕಚ್ಚದೆ ಬೆಲೆಯ ಮಾತೆತ್ತಿದವರಲ್ಲ. “ಬಾಯಿ ಸುಳ್ಳು ಹೇಳ್ತದೆ ಮಾಪ್ಳೆ, ಕಾಯಿ ಹೇಳಲ್ಲ” ಎನ್ನುತ್ತಿದ್ದರು. ಅಳಿಯನಾದ ನನ್ನನ್ನು ತಮಿಳರಂತೆ ಮಾಪ್ಳೆ ಎಂದೇ ಕರೆಯುತ್ತಿದ್ದದ್ದು.

ತೊಂಬತ್ತರ ದಶಕದ ಕೊನೆ. ಬೋಡಿಮೆಟ್ಟಿನ ಘಾಟಿಯ ತಿರುವೊಂದರಲ್ಲಿ ಅವರಿದ್ದ ಜೀಪು ಮಗುಚಿತು. ಕೈ ಉಳಿಯಿತು, ಸೊಂಟದಿಂದ ಕೆಳಗೆಲ್ಲ ಹೋಯಿತು. ಬೆನ್ನುಹುರಿ ಮತ್ತೆ ಕೂಡುವುದಿಲ್ಲ ಎಂದರು ಮಧುರೆಯ ಡಾಕ್ಟರು. ಹೊರದೇಶಗಳಲ್ಲಿ ಇಲಿಗಳ ಹುರಿಗೆ ಜೀವಕೋಶ ಕಸಿ ಮಾಡಿ ನೋಡುತ್ತಿದ್ದಾರೆ, ಮನುಷ್ಯರಿಗೆ ಬರಲು ಇನ್ನೂ ಕಾಲ ಬೇಕು ಎಂದೂ ಹೇಳಿದರು. ನನ್ನ ತಲೆಯಲ್ಲಿ ಉಳಿದದ್ದು ಕಸಿ ಒಂದೇ. ನಮ್ಮ ಕಣಿವೆಯಲ್ಲಿ ದ್ರಾಕ್ಷಿಗೆ ಹತ್ತುವ ಕಸಿ ಮನುಷ್ಯನಿಗೆ ಯಾಕೆ ಹತ್ತಬಾರದು?

ವಿಚಾರಿಸುತ್ತ ಹೋದೆ. ದೂರದ ಊರಿನ ವೈದ್ಯನೊಬ್ಬ ಮನುಷ್ಯರಿಗೇ ಇದನ್ನು ಮಾಡುತ್ತಾನೆಂದು ತಿಳಿಯಿತು. ಅವನ ಕಡೆಯವನನ್ನು ಹಿಡಿದೆ.

“ನಡೀತಾರಾ?”

“ಸುಧಾರಣೆ ಇರ್ತದೆ.”

“ಎಷ್ಟು?”

“ಆಳಿಂದ ಆಳಿಗೆ ಬೇರೆ.”

ಮಂಡಿಯಲ್ಲಾದರೆ ಇಂಥ ಮಾತಿಗೆ ಎದ್ದು ಬರುತ್ತಿದ್ದೆ. ಆದರೂ ಬೋಡಿಗೆ ಬಂದು, “ಹೊರಡೋಣ ಮಾಮ” ಎಂದೆ.

ಅತ್ತೆ ಅವರನ್ನು ಮಗ್ಗುಲಿಗೆ ಹೊರಳಿಸುತ್ತಿದ್ದರು. ಗೋಡೆ ಕಡೆ ಮುಖವಿದ್ದಂತೆಯೇ ಮಾವ ಕೇಳಿದರು: “ಸ್ಯಾಂಪಲ್ ನೋಡ್ದೆಯಾ?”

“ಇದೇನು ಏಲಕ್ಕಿಯಾ ಮಾಮ?”

“ಅದಕ್ಕಿಂತ ಅಗ್ಗವಾ ನನ್ನ ಬೆನ್ನು? ಮಾಡ್ಸ್ಕೊಂಡವ್ನ ಒಬ್ಬನ್ನ ನೋಡ್ಕೊಂಡು ಬಾ, ಹೋಗು.”

ಹಾಗೆ ಮಾಡಿಸಿಕೊಂಡವನೊಬ್ಬ ದಿಂಡಿಗಲ್ಲಿನಲ್ಲಿ ಸಿಕ್ಕಿದ. ಬೀಗದ ಕೆಲಸದವನು, ಮಂಚದ ಮೇಲೆ ಕೂತು ಕೀಲಿಗೆ ಅರ ಉಜ್ಜುತ್ತಿದ್ದ.

“ಬಿಸಿನೀರು ಸುರಿದ್ರೆ ಈಗ ತೊಡೆಗೆ ಗೊತ್ತಾಗ್ತದೆ” ಎಂದ.

“ಅದು ಮುಂಚೇನೂ ಗೊತ್ತಾಗ್ತಿತ್ತು” ಎಂದಳು ಒಳಗಿನಿಂದ ಹೆಂಡತಿ.

“ತೊಡೆ ಯಾರ್ದು?”

“ನೀರು ಸುರಿಯೋಳು ಯಾರು?”

ತಮಿಳಿನಲ್ಲಿ ಜಗಳ ಬೆಳೆಯಿತು. ಇಬ್ಬರೂ ಸುಳ್ಳು ಹೇಳುವವರಂತೆ ಕಾಣಲಿಲ್ಲ. ಅಷ್ಟರಲ್ಲಿ ಅವನ ಕಾಲಿನ ಹೆಬ್ಬೆರಳು ಚಿಮ್ಮಿತು! ಅದೊಂದನ್ನೇ ಕಣ್ಣಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದರೆ, ಅತ್ತೆ ಹೊದಿಕೆ ಎಳೆದಾಗ ಮಾವನ ಕಾಲಿನ ಹೆಬ್ಬೆರಳೂ ಹಾಗೇ ಚಿಮ್ಮಿತು. ಅದು ದಿನಾ ಚಿಮ್ಮುತ್ತಿತ್ತಂತೆ, ಅವರಿಗೇ ತಿಳಿಯದೆ. ಆದರೂ ದಿಂಡಿಗಲ್ಲಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ.

“ಅವನು ಅಲ್ಲಾಡ್ಸಿದ್ನಾ, ಅದೇ ಅಲ್ಲಾಡ್ತಾ?”

“ತಿಳೀಲಿಲ್ಲ ಮಾಮ.”

“ಸರಿ. ಕತ್ತಿ ಹಾಕಿದ್ರೆ, ಇರೋದ್ರಲ್ಲಿ ಏನಾದ್ರೂ ಹೋಗ್ತದಾ? ಈ ಕೈ?”

ನಾನು ಅದನ್ನು ಕೇಳಿಯೇ ಇರಲಿಲ್ಲ.

“ಬರೋದನ್ನೇ ಕೇಳ್ಕೊಂಡು ಬಂದಿದೀಯ. ಹೋಗೋದನ್ನ ಯಾರ್ಡಾ ಕೇಳ್ತಾರೆ?”

ಅವರು ಆಪರೇಷನ್ನಿಗೆ ಹೋಗಲಿಲ್ಲ. ಎದೆಯ ಮೇಲೆ ಮೊರ ಇಟ್ಟುಕೊಂಡು ಇನ್ನೆರಡು ವರ್ಷ ಏಲಕ್ಕಿ ಆರಿಸಿದರು. ಆಮೇಲೆ ಬೆನ್ನಿನ ಹುಣ್ಣು, ಜ್ವರ. ಒಂದು ಬೆಳಿಗ್ಗೆ ಮುಗಿಯಿತು.

ಯಾರೇ ಆಪರೇಷನ್ನಿಗೆ ಹೊರಡಲಿ, ಕರೆಯದಿದ್ದರೂ ಹೋಗಿ ಹೇಳುತ್ತೇನೆ: ಹೋಗುವುದನ್ನು ಮೊದಲು ಕೇಳಿ. ಆ ಬುದ್ಧಿ ನನ್ನದಲ್ಲ, ಮಾವನದು. ಆದರೆ ಅಂದು ತಪ್ಪಿದ್ದು ಅಪಾಯವೋ, ಅವರ ಕಾಲುಗಳೋ? ಒಂದು ಹಿಡಿ ಇಡೀ ಚೀಲಕ್ಕೆ ಸಾಕ್ಷಿ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಸಾಕ್ಷಿಯೇ? ಈ ಪ್ರಶ್ನೆ ನಮ್ಮಿಬ್ಬರಿಗೂ ಆಗ ಹೊಳೆಯಲಿಲ್ಲ.

ಮಾವನ ಹದಿನಾರನೇ ದಿನದ ಕಾರ್ಯ ಮುಗಿಸಿ ದಿಂಡಿಗಲ್ಲಿಗೆ ಹೋದೆ. ಬೀಗದ ಕೆಲಸದವನೂ ಹೆಂಡತಿಯೂ ಮನೆ ಖಾಲಿ ಮಾಡಿದ್ದರು.

“ಅವನು ನಡ್ಕೊಂಡೇ ಆಟೋ ಹತ್ತಿದ, ನಾನೇ ನೋಡ್ದೆ” ಎಂದಳು ಎದುರು ಮನೆಯಾಕೆ.

“ಎಲ್ಲಿ ನಡೆದ? ಎತ್ತಿ ಕೂರ್ಸಿದ್ರು, ನಾನೇ ನೋಡ್ದೆ” ಎಂದ ಟೀ ಅಂಗಡಿಯವನು.

ಎರಡು ಅಂಗಡಿ ಎರಡು ಬೆಲೆ ಹೇಳಿದರೆ, ಮೂರನೆಯ ಅಂಗಡಿ ವಿಚಾರಿಸದೆ ಯಾವ ಪೇಟೆಯಿಂದಲೂ ನಾನು ಹಿಂದಿರುಗಿದವನಲ್ಲ. ಅಂದು ಹಿಂದಿರುಗಿದೆ.