ಅಂಟು ಮೆತ್ತಿದ ಕೈ

ಹೊಗೆಸೊಪ್ಪಿನ ಸುಗ್ಗಿಯಲ್ಲಿ ಅಕ್ಕನ ಎರಡು ಕೈಯೂ ಮಣಿಕಟ್ಟಿನ ತನಕ ಕಪ್ಪಗಿರುತ್ತಿದ್ದವು. ಹಸಿ ಎಲೆಯ ಅಂಟು ಅದು, ಬೂದಿ ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಅದಕ್ಕೇ ಅವರು ಫೋನನ್ನು ಬೆರಳ ತುದಿಯಿಂದ ಮುಟ್ಟುತ್ತಿರಲಿಲ್ಲ. ಕಿರುಬೆರಳು ಮಡಿಸಿ, ಅದರ ಗೆಣ್ಣಿನಿಂದ ಒಂದೊಂದೇ ಫೋಟೋ ಪಕ್ಕಕ್ಕೆ ಸರಿಸುತ್ತಿದ್ದರು, ಮೊರದಲ್ಲಿ ಕಲ್ಲು ಆರಿಸುವ ಹಾಗೆ.

ಮಕ್ಕಳೇ, ಅಕ್ಕ ಎಂದರೆ ನನ್ನ ವಾರಗಿತ್ತಿ, ನಿಮ್ಮ ದೊಡ್ಡಜ್ಜಿ. ರುದ್ರಪಟ್ಟಣದ ಆಚೆಗಿರುವ ನಮ್ಮೂರಿಗೆ ಅವರು ಸೊಸೆಯಾಗಿ ಬಂದಾಗ ನಿಮ್ಮ ತಾತ ಇನ್ನೂ ಚಡ್ಡಿ ಹಾಕುವ ಹುಡುಗ. ಮೈದುನನನ್ನು ಮಗನಂತೆ ಸಾಕಿದರು. ನಾನು ನಾಲ್ಕು ಜನರ ಎದುರು ಬಾಯಿ ಬಿಡಲಾರದವಳು. ನನ್ನ ಮಾತನ್ನೂ ಅವರೇ ಆಡುತ್ತಿದ್ದರು.

ನಿಮ್ಮ ತಾತ ಹೋದದ್ದು ಸೊಪ್ಪು ಮುರಿಯುವ ಕಾಲದಲ್ಲಿ. ಹೊಲದಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಆಗ ಮನೆಗೆಲ್ಲ ಫೋಟೋ ತೆಗೆಯುವ ಫೋನು ಒಂದೇ, ಅಕ್ಕನ ಮಗನದು. ಸುಗ್ಗಿಯ ಗಡಿಬಿಡಿಯಲ್ಲಿ ಅದರೊಳಗೆ ಏನಿದೆ ಎಂದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಯಾರ್ಯಾರೋ ಕಳಿಸಿದ ಶುಭೋದಯ, ದೇವರ ವಿಡಿಯೋ, ಒಂದೇ ಎಲೆಯ ಹತ್ತಾರು ಫೋಟೋ ತುಂಬಿ ಫೋನು ನಿಂತುಹೋಯಿತು. ಅವನು ಅಂಗಡಿಗೆ ಕೊಟ್ಟು, "ಎಲ್ಲಾ ತೆಗ್ದಾಕು" ಎಂದು ಖಾಲಿ ಮಾಡಿಸಿಕೊಂಡು ಬಂದ. ಮರುವಾರವೇ ತಾತ ಹೋದರು. ಹುಡುಕಿದರೆ ಕಸದ ಜೊತೆಗೆ ಅವರ ಮುಖವೂ ಹೋಗಿತ್ತು. ಮದುವೆಯ ಫೋಟೋವನ್ನು ಗೆದ್ದಲು ಎಂದೋ ತಿಂದಿತ್ತು.

ಉಳಿದದ್ದು ಆಧಾರ್ ಕಾರ್ಡಿನ ಮುಖ. ಅರಕಲಗೂಡಿನ ಸ್ಟುಡಿಯೋದವರು ಅದನ್ನೇ ದೊಡ್ಡದು ಮಾಡಿ, ಕೆಳಗೆ ನೀಲಿ ಕೋಟು, ಟೈ ಕೂಡಿಸಿ ಕಟ್ಟು ಹಾಕಿ ಕೊಟ್ಟರು. ಪಿತೃಪಕ್ಷದಲ್ಲಿ ಎಡೆ ಇಡಲು ಅದನ್ನು ಗೋಡೆಗೆ ಒರಗಿಸಿದಾಗ ಅಕ್ಕ ಬಾಗಿಲಲ್ಲೇ ನಿಂತರು.

"ಇದ್ಯಾವ ಸಾಯೇಬನ್ನ ತಂದ್ಯಲಾ?"

"ಚಿಕ್ಕಪ್ಪ ಕಣವ್ವ," ಎಂದ ಮಗ. "ಕೋಟು ಅವರೇ ಆಕ್ಕೊಟ್ರು. ಈಗ ಸತ್ತೋರಿಗೆಲ್ಲ ಅಂಗೇ ಆಕದು."

"ಬದುಕಿದ್ದಾಗ ನೆಟ್ಗೆ ಒಂದು ಬನೀನು ಆಕ್ದೋನಲ್ಲ, ಸತ್ ಮ್ಯಾಲೆ ಕೋಟಾ? ಎಡೆ ಉಣ್ಣಾಕೆ ಬಂದೋನು ಇವನ್ನ ನೋಡಿ, ಇದು ಬ್ಯಾರೆ ಯಾರ್ದೋ ಮನೆ ಅನ್ಕೊಂಡು ಅಸ್ಕೊಂಡೇ ಓಯ್ತಾನೆ ಕಣ್ಲಾ!"

ನಾನು ಅಡುಗೆಮನೆಗೆ ಹೋಗಿ ಸೆರಗು ಕಚ್ಚಿಕೊಂಡು ಅತ್ತೆ.

ಆಮೇಲೆ ಅಕ್ಕ ಮಗನನ್ನು ಕೂರಿಸಿಕೊಂಡು ಫೋನು ನೋಡುವುದನ್ನು ಕಲಿತರು. ದಿನಾ ಸಂಜೆ ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುವಷ್ಟು ಹೊತ್ತು ಅದೇ ಕೆಲಸ. ಅಂಗಳದಲ್ಲಿ ಸೊಪ್ಪು ಎಷ್ಟೇ ಬಿದ್ದಿರಲಿ, ತಪ್ಪಿಸುತ್ತಿರಲಿಲ್ಲ. ಕಸವನ್ನೆಲ್ಲ ತೆಗೆದು ಆ ದಿನದ ಒಳ್ಳೆಯದೊಂದನ್ನು ಉಳಿಸುವರು. "ಕಳೆ ಕೀಳ್ದೆ ಪೈರು ಕಂಡಾತಾ?" ಎನ್ನುವರು. ಅಮಾವಾಸ್ಯೆಯಂದು, ಹೊಲದ ಕೆಲಸ ಇಲ್ಲದ ದಿನ, ಉಳಿಸಿದ್ದನ್ನೆಲ್ಲ ಚನ್ನರಾಯಪಟ್ಟಣದಲ್ಲಿರುವ ತಮ್ಮ ಮಗಳ ಫೋನಿಗೂ ಕಳಿಸುವರು.

"ಬಿತ್ತನೆ ಬೀಜನ ಒಂದೇ ಕಡೆ ಮಡಗ್ಬಾರ್ದು ಕಣಮ್ಮಿ. ಇಲ್ಲಿ ಉಳ ಬಿದ್ರೆ ಅಲ್ಲಾದ್ರೂ ಇದ್ದೀತು."

ನಿಮ್ಮ ಬೋಳುತಲೆ, ಬಿದ್ದ ಹಲ್ಲು, ಕೆಸರು ಮೆತ್ತಿದ ಕಾಲು, ಇವತ್ತು ನೀವು ನೋಡಿ ನಗುವುದೆಲ್ಲ ಉಳಿದದ್ದು ಹಾಗೆ.

ಗಂಡ ಹೋದ ಮೇಲೆ ಯಾರಾದರೂ ಫೋಟೋ ತೆಗೆದರೆ ನಾನು ಕಂಬದ ಹಿಂದೆ ಸರಿಯುತ್ತಿದ್ದೆ. ಅಕ್ಕ ರಟ್ಟೆ ಹಿಡಿದು ಎಳೆಯುವರು. "ಬಾರಮ್ಮಿ ಈಚೆಗೆ. ನಾಳಿಕ್ಕೆ ನಿಂಗೂ ಕೋಟು ಆಕಿಸ್ಬೇಕಾ?"

ಹೋದ ಸುಗ್ಗಿಯಲ್ಲಿ ಅವರ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಹಾಸನದ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಬಂದ ಮಾರನೆಯ ದಿನವೇ ಅಕ್ಕ ಚಪ್ಪರದಡಿ ಗೋಡೆಗೆ ಒರಗಿ ಕೂತು, ಬೇಡವೆಂದರೂ ಕೇಳದೆ, ಒಣಗಿಸಲು ಕಡ್ಡಿಗೆ ಸೊಪ್ಪು ಕಟ್ಟತೊಡಗಿದರು. ಕೈ ಕಪ್ಪಾದ ಮೇಲೆ ನನ್ನನ್ನು ಕರೆದು ಫೋನು ಕೊಟ್ಟರು.

"ತೆಗಿ."

"ನಂಗೆ ಬರಲ್ಲ ಅಕ್ಕ. ತಡೀರಿ, ಸೀರೆನಾದ್ರೂ ಬದ್ಲಾಯ್ಸಿ."

"ಬ್ಯಾಡ. ಸೆರಗೂ ಎಳೀಬ್ಯಾಡ. ಕೈ ಕಾಣಂಗೆ ತೆಗಿ."

ಒತ್ತುವಾಗ ಫೋನು ಅಲುಗಿ ಮೊದಲಿನವೆಲ್ಲ ಮಸುಕಾದವು. ಅಕ್ಕ ಗೆಣ್ಣಿನಿಂದ ಸರಿಸುತ್ತ ನೋಡಿ, ಒಂದನ್ನು ಉಳಿಸಿ ಮಿಕ್ಕದ್ದನ್ನು ಅಳಿಸಿದರು. ಎಸರು ಕುದಿಯಿತೇನೋ ನೋಡು ಎಂದು ನನ್ನನ್ನು ಒಳಗೆ ಕಳಿಸಿದರು.

ಸೊಪ್ಪು ಮುಗಿಯುವ ಮೊದಲೇ ಹೋದರು. ಸಾವಿಗೆ ಬಂದ ನೆಂಟರು ಆ ಫೋಟೋ ನೋಡಿ ಮುಖ ಸಿಂಡರಿಸಿದರು. ಸ್ಟುಡಿಯೋದಲ್ಲಿ ರೇಷ್ಮೆ ಸೀರೆ ಉಡಿಸಿ, ಸರ ಹಾಕಿಸಿ, ಕೈ ಬೆಳ್ಳಗೆ ಮಾಡಿಸೋಣ ಎಂದರು. ಅಕ್ಕನ ಮಗನೂ ತಲೆಯಾಡಿಸಿದ. "ನೋಡ್ದೋರು ಏನಂದಾರು ಚಿಕ್ಕವ್ವ?"

ಗೋಡೆಗಂಟಿ ಕೂತಿದ್ದ ನಾನು ಎದ್ದು ನಿಂತೆ. ಮಾತಾಡಲು ಅಕ್ಕ ಇರಲಿಲ್ಲ.

"ಆ ಕೈ ಬೆಳ್ಳಗೆ ಮಾಡ್ಸಿದ್ರೆ ನಾನು ಎಡೆ ಇಕ್ಕಾಕಿಲ್ಲ."

ಅಕ್ಕನ ಮಗ ಆ ಫೋಟೋಗೇ ಕಟ್ಟು ಹಾಕಿಸಿಕೊಂಡು ಬಂದ.

ಈಗ ಎಸರು ಕುದಿಯುವ ಹೊತ್ತಿನ ಕೆಲಸ ನನ್ನದು. ಈ ಪಿತೃಪಕ್ಷದಲ್ಲಿ ಎರಡು ಫೋಟೋ ಪಕ್ಕಪಕ್ಕ ಇಟ್ಟಿದ್ದೆ. ನಿಮ್ಮ ತಾತ ಇನ್ನೂ ಆ ನೀಲಿ ಕೋಟಿನಲ್ಲೇ ಇದ್ದಾರೆ, ಬೇರೆ ಸಿಗಲೇ ಇಲ್ಲ. ಎಡೆ ಇಟ್ಟು ಬಾಗಿಲು ಹಾಕುವ ಮುನ್ನ, "ಇದೇ ನಿಮ್ಮನೆ, ಬನ್ನಿ" ಎಂದು ಅವರಿಗೆ ಬಾಯಿಬಿಟ್ಟು ಹೇಳಿದೆ. ಅಕ್ಕನಿಗೆ ಹೇಳಬೇಕಾಗಲಿಲ್ಲ.